ಕೈಗೆ ನೂಲು ಹಿಡಿಸಿ: ಮನೆಯಲ್ಲೇ ನೂಲಿ, ಹೆಣೆದು, ನೇಯ್ದು ಗೆಲ್ಲುವ ಸೂತ್ರಗಳು

ದಿನವಿಡೀ ಸ್ಕ್ರೀನ್ ಮುಂದೆ ಕೂರುವ ಕೆಲಸವೇ? ಪರೀಕ್ಷೆಯ ಓದಿನಲ್ಲಿ ತಲೆ ಬಿಸಿಯಾಗಿದೆಯೇ? ಹಾಗಾದರೆ ನಿಮಗೊಂದು ಕೈಕೆಲಸ ಬೇಕು. ಇವತ್ತು ಮಾಡಿದ್ದು ಇವತ್ತೇ ಕಣ್ಣಿಗೆ ಕಾಣಬೇಕು, ಬೆರಳಿಗೆ ಸಿಗಬೇಕು. ನೂಲುವುದು, ಹೆಣೆಯುವುದು, ನೇಯುವುದು ಮೂರೂ ಈ ಖುಷಿ ಕೊಡುತ್ತವೆ. ಸರಿಯಾದ ಕ್ರಮದಲ್ಲಿ ಶುರುಮಾಡಿ, ಬೇಗ ಸಿಗುತ್ತದೆ.

1. "ನನಗೆ ಇದೆಲ್ಲ ಬರಲ್ಲ" ಅನ್ನುವುದನ್ನು ಇವತ್ತೇ ಬಿಡಿ.
ಅದು ಬರೀ ಅಭ್ಯಾಸಬಲದ ಮಾತು. ಬೆರಳು ಮಾಡಿ ಮಾಡಿಯೇ ಕಲಿಯುವುದು, ಯೋಚಿಸುತ್ತ ಕೂತರೆ ಕಲಿಯುವುದಿಲ್ಲ. ಇನ್ನೊಂದು ಮಾತನ್ನೂ ಜೊತೆಗೇ ಬಿಟ್ಟುಬಿಡಿ: ಕೈಕೆಲಸಕ್ಕೆ ಬುದ್ಧಿ ಬೇಡ ಅನ್ನುವುದು. ಜೇಡರ ದಾಸಿಮಯ್ಯ ನೇಯುತ್ತಿದ್ದವರು, ಕದಿರ ರೆಮ್ಮವ್ವೆ ನೂಲುತ್ತಿದ್ದವರು. ಇಬ್ಬರೂ ವಚನಕಾರರು.

2. ಚರಕಕ್ಕಿಂತ ಮೊದಲು ತಕಲಿ ಹಿಡಿಯಿರಿ.
ತಕಲಿ ಅಂದರೆ ಒಂದು ತಂತಿ, ಒಂದು ಬಿಲ್ಲೆ, ತುದಿಗೊಂದು ಕೊಕ್ಕೆ. ಅಷ್ಟೇ. ಬ್ಯಾಗಿನಲ್ಲಿ ಹಿಡಿಯುತ್ತದೆ, ಕಡಿಮೆ ಖರ್ಚಿನದು, ಕೈ ಪಳಗುವವರೆಗೂ ನಿಧಾನವಾಗಿ ತಿರುಗಿಸಬಹುದು. ತುದಿಯನ್ನು ತೆಂಗಿನ ಚಿಪ್ಪಿನಲ್ಲಿ ಊರಿಕೊಂಡು ತಿರುಗಿಸಿ. ಕೈ ಹದಕ್ಕೆ ಬಂದ ಮೇಲೆ ಪೆಟ್ಟಿಗೆ ಚರಕ ತನ್ನಿ. ಗಾಂಧೀಜಿ ಯರವಡಾ ಜೈಲಿನಲ್ಲಿದ್ದಾಗ ಸುಧಾರಿಸಿದ ಮಾದರಿ ಅದು, ಯರವಡಾ ಚರಕ ಎಂದೇ ಹೆಸರಾಯಿತು. ಮಡಚಿಟ್ಟರೆ ಬಾಡಿಗೆ ರೂಮಿನ ಶೆಲ್ಫಿನಲ್ಲೂ ಕೂರುತ್ತದೆ.

3. ಹುರಿಯನ್ನು ಓದಲು ಕಲಿಯಿರಿ.
ಇದು ಎಲ್ಲಕ್ಕಿಂತ ಮುಖ್ಯ ಸೂತ್ರ, ಇಲ್ಲಿ ಟೈಮ್ ಹಾಕಿ. ಹತ್ತಿಯ ಎಳೆಯ ಉದ್ದ ಎರಡು-ಮೂರು ಸೆಂಟಿಮೀಟರ್. ಇಷ್ಟು ಗಿಡ್ಡ ಎಳೆಗಳನ್ನು ಒಟ್ಟಿಗೆ ಹಿಡಿದಿಡುವುದು ಹುರಿ, ಅಂದರೆ ನೂಲಿನ ತಿರುಚು ಮಾತ್ರ. ಹಂಜಿಯನ್ನು (ಹಿಂಜಿದ ಹತ್ತಿಯ ಸುರುಳಿಯನ್ನು) ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಗುಬ್ಬಿಮರಿ ಹಿಡಿದಷ್ಟು ಮೆತ್ತಗೆ ಹಿಡಿಯಿರಿ. ಬಲಗೈಯಲ್ಲಿ ತಕಲಿ ತಿರುಗಿಸಿ. ಎಡಗೈ ಮೆಲ್ಲಗೆ ಮೇಲೇರಲಿ. ಹುರಿ ಮೊದಲು ಸೇರುವುದು ತೆಳು ಜಾಗಕ್ಕೆ. ದಪ್ಪ ಜಾಗ ಸಡಿಲವಾಗಿಯೇ ಉಳಿದಿರುತ್ತದೆ. ಆಗ ಇನ್ನೂ ಸ್ವಲ್ಪ ಎಳೆಯಿರಿ. ತೆಳು ಜಾಗ ಗಟ್ಟಿಯಾಗಿ ನಿಲ್ಲುತ್ತದೆ, ದಪ್ಪ ಜಾಗ ಜಾರಿ ಸಣ್ಣಗಾಗುತ್ತದೆ. ನಿಮ್ಮ ಕಣ್ಣೆದುರೇ ಉಬ್ಬು ಕರಗಿ ನೂಲು ಸಮವಾಗುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದು.

ನೂಲು ಜಾರಿ ಕಡಿಯಿತೇ? ಹುರಿ ಸಾಲದು. ತನಗೆ ತಾನೇ ಸುತ್ತಿಕೊಂಡು ಗಂಟಾಯಿತೇ? ಹುರಿ ಹೆಚ್ಚಾಯಿತು. ಬೇಜಾರು ಮಾಡಿಕೊಳ್ಳಬೇಡಿ, ಫೀಡ್‌ಬ್ಯಾಕ್ ಅಂತ ತೆಗೆದುಕೊಳ್ಳಿ. ಕಡಿದ ತುದಿಗೆ ಹಂಜಿ ತಾಗಿಸಿ, ಮುಂದುವರಿಸಿ.

4. ಟಾರ್ಗೆಟ್ ಮೀಟರಿನಲ್ಲಿ ಇಡಿ.
"ಟೈಮ್ ಸಿಕ್ಕಾಗ ಮಾಡ್ತೀನಿ" ಅಂದರೆ ಟೈಮ್ ಸಿಗುವುದೇ ಇಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನ, ಕಾಂಗ್ರೆಸ್ ಸದಸ್ಯರು ತಿಂಗಳಿಗೆ 2000 ಗಜ ನೂಲು ಕೊಡಬೇಕು ಎಂಬ ನಿಯಮ ತಂದಿತು. ಲೆಕ್ಕ ಹಾಕಿ: ದಿನಕ್ಕೆ ಸುಮಾರು 60 ಮೀಟರ್. ಅದನ್ನೇ ನಿಮ್ಮ ಗುರಿಯಾಗಿಸಿಕೊಳ್ಳಿ. ಅರ್ಧ ಮೀಟರ್ ಉದ್ದದ ಹಲಗೆಗೆ ಉದ್ದುದ್ದಕ್ಕೆ ಸುತ್ತಿ. ಒಂದು ಸುತ್ತು ಅಂದರೆ ಒಂದು ಮೀಟರ್. ಅಳತೆ ಕಣ್ಣಿಗೆ ಕಂಡರೆ ಹುಮ್ಮಸ್ಸು ತಾನಾಗಿ ಬರುತ್ತದೆ.

5. ಹೆಣಿಗೆಗೆ ಕೂರುವ ಮುನ್ನ ಸ್ಯಾಂಪಲ್ ಹೆಣೆಯಿರಿ.
4 ಎಂಎಂ ಕಡ್ಡಿ, ಮಧ್ಯಮ ದಪ್ಪದ ತಿಳಿಬಣ್ಣದ ಉಣ್ಣೆ ತನ್ನಿ. ಕಪ್ಪು ಬೇಡ, ಕುಣಿಕೆ ಕಾಣುವುದಿಲ್ಲ. ಮೊದಲು ಎಲ್ಲ ಸಾಲೂ ಸೀದಾ ಹೆಣೆಯಿರಿ. ಅಂಚು ಸುರುಳಿ ಸುತ್ತುವುದಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಆಮೇಲೆ. ಈಗ ಸ್ಯಾಂಪಲ್ ಅಳೆಯಿರಿ. ಪ್ಯಾಟರ್ನ್ 10 ಸೆಂಟಿಮೀಟರಿಗೆ 20 ಕುಣಿಕೆ ಕೇಳುತ್ತದೆ, ನಿಮ್ಮ ಕೈ 22 ಕೊಡುತ್ತದೆ ಅಂದುಕೊಳ್ಳಿ. 200 ಕುಣಿಕೆಯ ಸ್ವೆಟರ್ 100 ಸೆಂಟಿಮೀಟರ್ ಆಗುವ ಬದಲು 91ಕ್ಕೆ ನಿಲ್ಲುತ್ತದೆ. ತೋಳು ತೂರುತ್ತದೆ, ಗುಂಡಿ ಹಾಕಲಾಗುವುದಿಲ್ಲ! ಒಂದು ಸಂಜೆಯ ಸ್ಯಾಂಪಲ್ ಒಂದು ತಿಂಗಳ ಶ್ರಮ ಉಳಿಸುತ್ತದೆ. ಬಿಗಿ ಕೈಯವರು ಒಂದು ನಂಬರ್ ದೊಡ್ಡ ಕಡ್ಡಿ ಹಿಡಿಯಿರಿ.

6. ಬಿಚ್ಚಲು ಹೆದರಬೇಡಿ.
ಉಣ್ಣೆ ಎಲ್ಲಿಗೂ ಹೋಗುವುದಿಲ್ಲ, ಉಂಡೆ ಸುತ್ತಿ ಮತ್ತೆ ಹೆಣೆಯಬಹುದು. ಒಂದೇ ಕುಣಿಕೆ ಜಾರಿದ್ದರೆ ಅಷ್ಟೂ ಬೇಕಿಲ್ಲ: ಕ್ರೋಶಾ ಕಡ್ಡಿಯಿಂದ ಏಣಿ ಹತ್ತಿಸಿದಂತೆ ಮೇಲಕ್ಕೆ ತನ್ನಿ.

7. ಮಗ್ಗಕ್ಕಾಗಿ ಕಾಯಬೇಡಿ, ಫ್ರೇಮ್ ಮಾಡಿ.
ಗಟ್ಟಿ ಮರದ ಚೌಕಟ್ಟು. ಮೇಲೆ 40, ಕೆಳಗೆ 40 ಮೊಳೆ, ಅರ್ಧ ಸೆಂಟಿಮೀಟರಿಗೊಂದು. ಮೊಳೆ ಬಳಸಿ ಮೇಲೆ ಕೆಳಗೆ ದಾರ ಎಳೆದರೆ 80 ಉದ್ದೆಳೆಗಳ ಹಾಸು, 20 ಸೆಂಟಿಮೀಟರ್ ಅಗಲ. ಹಾಸಿನ ಎಳೆಗೆ ಅಂಗಡಿಯ ಎರಡೆಳೆ ಹುರಿದಾರವೇ ಇರಲಿ, ಏಕೆಂದರೆ ಬಿಗಿ ತಡೆಯಬೇಕಾದ್ದು ಅದು. ಅಡ್ಡ ಹಾಯುವ ಹೊಕ್ಕು ನಿಮ್ಮ ಸ್ವಂತ ನೂಲು. ಅಂಗೈಗಿಂತ ದೊಡ್ಡದಾದ ಒಂದು ಚೌಕ ಬಟ್ಟೆಗೆ ಸುಮಾರು 20 ಮೀಟರ್ ಹೊಕ್ಕು ಸಾಕು. ನಾಲ್ಕನೇ ಸೂತ್ರ ಪಾಲಿಸಿದ್ದರೆ ಅದು ಮೊದಲ ದಿನವೇ ನಿಮ್ಮ ಕೈಯಲ್ಲಿದೆ.

ಹೊಸಬರ ಬಟ್ಟೆ ನಡುವೆ ಸೊಂಟ ಕಟ್ಟಿದಂತೆ ಕಿರಿದಾಗುವುದು ಹೊಕ್ಕನ್ನು ನೇರ ಎಳೆಯುವುದರಿಂದ. ನೂಲನ್ನು ಕಮಾನಿನಂತೆ ಸಡಿಲ ಬಿಟ್ಟು, ಆಮೇಲೆ ಬಾಚಣಿಗೆಯಿಂದ ತಟ್ಟಿ ಕೂರಿಸಿ. ಆ ಕಮಾನಿನ ಹೆಚ್ಚುವರಿ ಉದ್ದವೇ ಎಳೆಗಳ ಮೇಲೆ ಕೆಳಗೆ ಹಾಯಲು ಬೇಕಾಗುವುದು.

8. ಬಲ್ಲವರ ಕೈ ನೋಡಿ.
ವಿಡಿಯೋ ಸಾಲದು. ಒಂದು ರಜೆ ಇದಕ್ಕೇ ಇಡಿ. ಇಳಕಲ್‌ಗೆ ಹೋಗಿ: ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಕೂಡಿಸುವ ಟೋಪಿ ತೆನಿ ನೋಡಿ. ಚಳ್ಳಕೆರೆ ಕಡೆ ಹೋದರೆ ಕೈಯಲ್ಲಿ ನೂತ ಕುರಿ ಉಣ್ಣೆ, ಅದಕ್ಕೆ ಹುಣಸೆಬೀಜದ ಗಂಜಿ, ಗುಂಡಿಮಗ್ಗದಲ್ಲಿ ಕಂಬಳಿ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ಮಹಿಳೆಯರೇ ನಡೆಸುವ ಚರಕ ಸಂಸ್ಥೆ, ನಂಜನಗೂಡಿನ ಬಳಿ ಬದನವಾಳು ಖಾದಿ ಕೇಂದ್ರ. ಮಾತಿಗಿಂತ ಹೆಚ್ಚಾಗಿ ಅವರ ಮಣಿಕಟ್ಟು ಗಮನಿಸಿ. ಅದು ಎಲ್ಲಿ ಸಡಿಲ, ಎಲ್ಲಿ ಬಿಗಿ? ಮನೆಗೆ ಬಂದ ದಿನವೇ ಅದನ್ನು ಮಾಡಿ ನೋಡಿ. ಮತ್ತೆ, ಕೈಮಗ್ಗದ ಬೆಲೆಯಲ್ಲಿ ಚೌಕಾಸಿ ಮಾಡಬೇಡಿ. 20 ಮೀಟರ್ ನೂತ ಮೇಲೆ ನಿಮಗೂ ಮನಸ್ಸು ಬರುವುದಿಲ್ಲ.

9. ಮೊದಲ ಬಟ್ಟೆಯನ್ನು ಬೀರುವಿನಲ್ಲಿಡಬೇಡಿ.
ಬಿಸಿನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ. ನೂಲು ಉಬ್ಬಿ ಸಂದುಗಳು ತುಂಬುತ್ತವೆ; ಅದು ಬಟ್ಟೆ ಅನ್ನಿಸುವುದು ಆಗಲೇ. ಊಟದ ಮೇಜಿನ ಮೇಲೆ ಹಾಕಿ, ದಿನಾ ಬಳಸಿ. ಅಂಚು ಎಲ್ಲಿ ಸಡಿಲವಾಯಿತು, ನೂಲು ಎಲ್ಲಿ ಸವೆಯಿತು ಎಂದು ಬರೆದಿಡಿ. ಅದೇ ವಾರ ಫ್ರೇಮಿಗೆ ಮುಂದಿನ ಹಾಸು ಹೂಡಿ, ಈ ಸಲ ಬಣ್ಣ ಎರಡಿರಲಿ.