ಠೂ ಬಿಡೋದು ಅಷ್ಟು ಸಣ್ಣ ವಿಷಯಾನಾ?

ಚಿಕ್ಕವರಿದ್ದಾಗ ನಾವೆಲ್ಲ ಒಬ್ಬರಿಗೊಬ್ಬರು ಠೂ ಬಿಟ್ಟವರೇ. ಬೆಳಿಗ್ಗೆ ಠೂ, ಸಂಜೆ ಆಟಕ್ಕೆ ಇಳಿಯೋ ಹೊತ್ತಿಗೆ ರಾಜಿ. ಆದರೆ ಹದಿಮೂರು, ಹದಿನಾಲ್ಕನೇ ವಯಸ್ಸಿಗೆ ಬರುವಾಗ ಅದೇ ಠೂ ಬೇರೆ ರೂಪ ತಾಳುತ್ತದೆ. ಆಗ ಒಬ್ಬಳು ಇನ್ನೊಬ್ಬಳ ಜೊತೆ ಮಾತು ಬಿಡೋದಲ್ಲ, ಇಡೀ ಗುಂಪು ಸೇರಿ ಒಬ್ಬಳ ಜೊತೆ ಮಾತು ಬಿಡುತ್ತದೆ. ಯಾಕೆ ಅಂತ ಅವಳಿಗೆ ಯಾರೂ ಹೇಳುವುದಿಲ್ಲ. ಕೇಳಿದರೆ ‘ಏನೂ ಇಲ್ವಲ್ಲೇ, ನಾವು ಮಾಮೂಲಾಗೇ ಇದ್ದೀವಿ’ ಅನ್ನೋ ಉತ್ತರ.

ಈ ಸಲ ನಾವು ಓದಿಕೊಂಡು ಬರೆಯುತ್ತಿರುವುದು ಇದರ ಬಗ್ಗೆಯೇ: ಹದಿಹರೆಯದ ಹುಡುಗಿಯರ ನಡುವೆ ಕೈ ಎತ್ತದೆ ನಡೆಯುವ ಹಿಂಸೆ. ಎಂಜಿನಿಯರಿಂಗ್ ಓದುವವರಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಮೊದಲ ಸೆಮಿಸ್ಟರ್‌ಗೆ ಬರುವವರ ವಯಸ್ಸು ಹದಿನೆಂಟರ ಆಸುಪಾಸು. ಹದಿಹರೆಯ ಪಿಯುಸಿ ಮಾರ್ಕ್ಸ್ ಕಾರ್ಡ್ ಜೊತೆಗೇ ಮುಗಿದು ಹೋಗೋದಿಲ್ಲ. ಮನೆಯಲ್ಲಿ ಎಂಟನೇ, ಒಂಬತ್ತನೇ ಕ್ಲಾಸಿನ ತಂಗಿ ಇರುವವರೂ ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಜಗಳ ಬೇರೆ, ಬುಲ್ಲಿಯಿಂಗ್ ಬೇರೆ

ಗೆಳತಿಯರು ಜಗಳ ಆಡುತ್ತಾರೆ, ಅದು ಸಹಜ. ಹಾಗಾದರೆ ಬುಲ್ಲಿಯಿಂಗ್ ಅನ್ನೋದು ಯಾವುದನ್ನು? ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಗುರುತುಗಳನ್ನು ಕೊಟ್ಟರು. ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಮತ್ತು ಇಬ್ಬರ ನಡುವೆ ಬಲದಲ್ಲಿ ವ್ಯತ್ಯಾಸ ಇರುವುದು. ಮೂರನೆಯದನ್ನು ಗಮನಿಸಿ. ಬಲ ಅಂದರೆ ಬರೀ ತೋಳ್ಬಲ ಅಲ್ಲ. ಒಬ್ಬಳ ಹಿಂದೆ ಎಂಟು ಜನ, ಇನ್ನೊಬ್ಬಳ ಹಿಂದೆ ಯಾರೂ ಇಲ್ಲ ಅಂದರೆ ಅದೂ ಬಲದ ವ್ಯತ್ಯಾಸವೇ.

ಓಲ್ವೇಯಸ್ ಅವರ 1970ರ ದಶಕದ ಮೊದಲ ಅಧ್ಯಯನಗಳು ಹುಡುಗರ ಮೇಲೆ ನಡೆದವು. ಹೊಡೆಯೋದು, ತಳ್ಳೋದು ಕಣ್ಣಿಗೆ ಕಾಣುತ್ತದೆ, ಎಣಿಸಬಹುದು. ಹುಡುಗಿಯರ ಗುಂಪಿನಲ್ಲಿ ನಡೆಯೋದು ಟೀಚರ್ ಕಣ್ಣಿಗೂ ಬೀಳುತ್ತಿರಲಿಲ್ಲ, ಸಂಶೋಧಕರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕಾಣದ್ದನ್ನು ಅಳೆದವರು

1988ರಲ್ಲಿ ಫಿನ್‌ಲೆಂಡ್‌ನ ಕಿರ್ಸ್ಟಿ ಲಾಗರ್‌ಸ್ಪೆಟ್ಜ್ ಮತ್ತು ಸಂಗಡಿಗರು ಒಂದು ಸರಳ ಉಪಾಯ ಮಾಡಿದರು. 11-12 ವರ್ಷದ ಮಕ್ಕಳನ್ನು ‘ನಿನಗೆ ಸಿಟ್ಟು ಬಂದರೆ ಏನು ಮಾಡ್ತೀಯ’ ಅಂತ ಕೇಳಿ ಅಷ್ಟಕ್ಕೇ ಬಿಡಲಿಲ್ಲ, ‘ನಿನ್ನ ಕ್ಲಾಸಿನ ಇಂಥವರಿಗೆ ಸಿಟ್ಟು ಬಂದರೆ ಏನು ಮಾಡ್ತಾರೆ’ ಅಂತಲೂ ಕೇಳಿದರು. ದೊಡ್ಡವರಿಗೆ ಕಾಣದ್ದು ಪಕ್ಕದ ಬೆಂಚಿಗೆ ಗೊತ್ತಿರುತ್ತದೆ ಅಲ್ವಾ? ಚಾಡಿ ಹೇಳೋದು, ಗಾಳಿಸುದ್ದಿ ಹಬ್ಬಿಸೋದು, ಸೇಡಿಗೆ ಬೇರೊಬ್ಬಳ ಜೊತೆ ಗೆಳೆತನ ಮಾಡೋದು, ‘ಅವಳ ಜೊತೆ ಸೇರಬೇಡ’ ಅನ್ನೋದು, ಇವೆಲ್ಲ ಹುಡುಗಿಯರಲ್ಲಿ ಹೆಚ್ಚಾಗಿ ಕಂಡವು. ಅವರು ಇದನ್ನು ಪರೋಕ್ಷ ಆಕ್ರಮಣ ಅಂತ ಕರೆದರು.

1995ರಲ್ಲಿ ಅಮೆರಿಕದ ನಿಕಿ ಕ್ರಿಕ್ ಮತ್ತು ಜೆನಿಫರ್ ಗ್ರಾಟ್‌ಪೀಟರ್ 491 ಶಾಲಾ ಮಕ್ಕಳ ಅಧ್ಯಯನದಲ್ಲಿ ಇದಕ್ಕೆ ‘ರಿಲೇಷನಲ್ ಅಗ್ರೆಷನ್’ ಅನ್ನೋ ಹೆಸರು ಬಳಸಿದರು. ಅಂದರೆ ಸಂಬಂಧವನ್ನೇ ಆಯುಧ ಮಾಡಿಕೊಳ್ಳುವುದು. ಅದರಲ್ಲಿ ಕಂಡ ಇನ್ನೊಂದು ಸಂಗತಿ: ಹೀಗೆ ಮಾಡುವ ಮಕ್ಕಳೂ ಸುಖವಾಗಿರಲಿಲ್ಲ, ಅವರಲ್ಲೂ ಒಂಟಿತನ ಮತ್ತು ಖಿನ್ನತೆ ಉಳಿದವರಿಗಿಂತ ಹೆಚ್ಚಿತ್ತು.

ಹಾಗಾದರೆ ‘ಹುಡುಗೀರ ಬುದ್ಧಿನೇ ಅಷ್ಟು’ ಅನ್ನೋದು ನಿಜವಾ?

ಕ್ಯಾಂಟೀನಿನಲ್ಲಿ ಸುಲಭವಾಗಿ ಬರುವ ಮಾತು ಇದು. 2004ರ ‘ಮೀನ್ ಗರ್ಲ್ಸ್’ ಸಿನಿಮಾ ಬಂದ ಮೇಲಂತೂ ಈ ಚಿತ್ರ ಲೋಕದ ತುಂಬ ಹರಡಿತು. ಆದರೆ 2008ರಲ್ಲಿ ನೋಯೆಲ್ ಕಾರ್ಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಸುಮಾರು 74 ಸಾವಿರ ಮಕ್ಕಳ ಮಾಹಿತಿಯನ್ನು ಒಟ್ಟು ಹಾಕಿ ನೋಡಿದರು. ಹೊಡೆದಾಟ, ಬೈದಾಟದಲ್ಲಿ ಹುಡುಗರು ಮುಂದೆ. ಪರೋಕ್ಷ ಆಕ್ರಮಣದಲ್ಲಿ ಹುಡುಗಿಯರು ಮತ್ತು ಹುಡುಗರ ನಡುವಿನ ವ್ಯತ್ಯಾಸ ಮಾತ್ರ ನಗಣ್ಯ ಅನ್ನುವಷ್ಟು ಸಣ್ಣದು.

ಅಂದರೆ ಚಾಡಿ, ಗುಂಪುಗಾರಿಕೆ, ಹೊರಗಿಡೋದು ಹುಡುಗರಲ್ಲೂ ಇದೆ. ಹುಡುಗಿಯರಿಗೆ ಮಾತ್ರ ಸಿಟ್ಟನ್ನು ನೇರವಾಗಿ ತೋರಿಸುವ ದಾರಿ ಕಡಿಮೆ. ‘ಹೆಣ್ಣುಮಕ್ಕಳು ಜೋರು ಮಾಡಬಾರದು’ ಅಂತ ಕೇಳುತ್ತಾ ಬೆಳೆದವಳ ಸಿಟ್ಟು ಎಲ್ಲಿಗೆ ಹೋಗಬೇಕು? ಬಾಗಿಲು ಮುಚ್ಚಿದರೆ ಅದು ಕಿಟಕಿಯಿಂದ ಹೋಗುತ್ತದೆ. ಇದು ಸಮರ್ಥನೆ ಅಲ್ಲ. ಹುಟ್ಟುಗುಣ ಅಂತ ಕೈ ತೊಳೆದುಕೊಂಡರೆ ಸರಿಪಡಿಸೋಕೆ ಏನೂ ಉಳಿಯೋದಿಲ್ಲ, ಅಷ್ಟೇ.

ನೋವು ಎಷ್ಟು?

‘ಮಾತಾಡದಿದ್ದರೆ ಏನು ಗಂಟು ಹೋಗುತ್ತೆ?’ ಅನ್ನುವವರಿಗೆ ಸೈಬರ್‌ಬಾಲ್ ಅನ್ನೋ ಪ್ರಯೋಗ ಉತ್ತರ ಕೊಡುತ್ತದೆ. ಇದನ್ನು ರೂಪಿಸಿದವರು ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಸಂಗಡಿಗರು. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುವ ಆಟ. ನೀವೊಬ್ಬರೇ ನಿಜವಾದ ಆಟಗಾರರು, ಉಳಿದಿಬ್ಬರು ಬರೀ ಪ್ರೋಗ್ರಾಂ. ಸ್ವಲ್ಪ ಹೊತ್ತಿನ ಮೇಲೆ ಅವರಿಬ್ಬರೇ ಎಸೆದಾಡುತ್ತಾರೆ, ನಿಮಗೆ ಚೆಂಡು ಬರುವುದೇ ಇಲ್ಲ. ಅಷ್ಟಕ್ಕೇ ಜನರ ಮನಸ್ಸು ಕುಗ್ಗುತ್ತದೆ. 2003ರಲ್ಲಿ ಇದೇ ಆಟವನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಆಡಿಸಿದಾಗ, ದೈಹಿಕ ನೋವಿನ ಸಂಕಟದ ಜೊತೆ ನಂಟಿರುವ ಭಾಗವೊಂದು ಚುರುಕಾಗಿದ್ದು ಕಂಡಿತು. 2004ರ ಅಧ್ಯಯನದಲ್ಲಿ ‘ನೀವು ಆಡುತ್ತಿರುವುದು ಕಂಪ್ಯೂಟರ್ ಜೊತೆ’ ಅಂತ ಮೊದಲೇ ಹೇಳಿದರೂ ನೋವಾಗುವುದು ತಪ್ಪಲಿಲ್ಲ.

ಕೋಡ್ ಬರೆದ ಬೊಂಬೆ ಚೆಂಡು ಕೊಡದಿದ್ದರೇ ಹೀಗೆ. ದಿನವೂ ಜೊತೆಯಲ್ಲಿ ಊಟ ಮಾಡುತ್ತಿದ್ದ ಗೆಳತಿಯರು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದರೆ?

ಮಾಡುವವರು ಯಾಕೆ ಮಾಡ್ತಾರೆ?

ರಾಬರ್ಟ್ ಫ್ಯಾರಿಸ್ ಮತ್ತು ಡಯೇನ್ ಫೆಲ್ಮ್‌ಲೀ 2011ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಶಾಲೆಗಳ ಗೆಳೆತನವನ್ನೇ ಒಂದು ಗ್ರಾಫ್ ಆಗಿ ಬಿಡಿಸಿದರು. ಪ್ರತಿ ವಿದ್ಯಾರ್ಥಿ ಒಂದು ನೋಡ್, ಪ್ರತಿ ಗೆಳೆತನ ಒಂದು ಎಡ್ಜ್. ಗ್ರಾಫಿನ ಮಧ್ಯಕ್ಕೆ, ಅಂದರೆ ಜನಪ್ರಿಯತೆಯ ಕಡೆಗೆ ಏರುತ್ತ ಹೋದಂತೆ ಆಕ್ರಮಣವೂ ಏರಿತು. ಆದರೆ ತೀರಾ ಮೇಲಿನ ಶೇ. 2ರಷ್ಟು ಮಂದಿಯಲ್ಲಿ ಅದು ಇಳಿಯಿತು. ಅವರಿಗೆ ಯಾರನ್ನೂ ತುಳಿಯುವ ಅಗತ್ಯವೇ ಇರಲಿಲ್ಲ. ಹೀಗೆ ನೋಡಿದರೆ ಕಾಟ ಕೊಡುವವಳು ಬಹಳ ಸಲ ಬಲಶಾಲಿಯೇನಲ್ಲ, ತನ್ನ ಜಾಗ ಎಲ್ಲಿ ಹೋಗುತ್ತೋ ಅಂತ ಹೆದರಿದವಳು.

ನಾವು ಇದರಲ್ಲಿ ಯಾರು?

ನಮ್ಮ ಪ್ರಕಾರ ಈ ಪಾಠದ ಮುಖ್ಯ ಭಾಗ ಇದು. ಫಿನ್‌ಲೆಂಡ್‌ನ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲಿ ಆರನೇ ತರಗತಿಯ 573 ಮಕ್ಕಳನ್ನು ಅಧ್ಯಯನ ಮಾಡಿ, ಬುಲ್ಲಿಯಿಂಗ್ ಇಬ್ಬರ ನಡುವಿನ ವಿಷಯ ಅಲ್ಲ, ಇಡೀ ಕ್ಲಾಸಿನ ವಿಷಯ ಅಂತ ತೋರಿಸಿದರು. ಕಾಟ ಕೊಡುವವರು, ಅವರ ಜೊತೆ ಕೈ ಸೇರಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ಹೊರಗಿರುವವರು, ಪರವಾಗಿ ನಿಲ್ಲುವವರು, ನೋಯುವವರು. ಹುಡುಗಿಯರಲ್ಲಿ ಪರವಾಗಿ ನಿಲ್ಲುವವರು ಹುಡುಗರಿಗಿಂತ ಹೆಚ್ಚಾಗಿ ಕಂಡರು. ಸುಮ್ಮನೆ ಹೊರಗಿರುವವರೂ ಹೆಚ್ಚೇ.

ಸಂಬಂಧದ ಮೂಲಕ ನಡೆಯುವ ಹಿಂಸೆಗೆ ಈ ಸುಮ್ಮನಿರುವವರು ಬೇಕೇ ಬೇಕು. ಒಬ್ಬಳೇ ಇನ್ನೊಬ್ಬಳಿಗೆ ಹೊಡೆಯಬಹುದು, ಆದರೆ ಒಬ್ಬಳೇ ಇನ್ನೊಬ್ಬಳನ್ನು ಗುಂಪಿನಿಂದ ಹೊರಗೆ ಹಾಕೋಕೆ ಆಗಲ್ಲ. ಒಂದು ನೋಡನ್ನು ನೆಟ್‌ವರ್ಕ್‌ನಿಂದ ಬೇರೆ ಮಾಡಬೇಕಾದರೆ ಅದರ ಎಲ್ಲ ಎಡ್ಜ್‌ಗಳೂ ಕಡಿಯಬೇಕು. ಒಂದು ಉಳಿದರೂ ಅದು ಒಂಟಿ ಅಲ್ಲ. ಅವಳನ್ನು ಬಿಟ್ಟು ಹೊಸ ವಾಟ್ಸಾಪ್ ಗ್ರೂಪ್ ಮಾಡಿದಾಗ ಸೇರಿಕೊಂಡವರು, ಸ್ಕ್ರೀನ್‌ಶಾಟ್ ಮುಂದಕ್ಕೆ ಕಳಿಸಿದವರು, ನೋಡಿ ಒಂದು ನಗುವಿನ ಇಮೋಜಿ ಹಾಕಿದವರು, ಎಲ್ಲರೂ ಒಂದೊಂದು ಎಡ್ಜ್ ಕಡಿದವರೇ.

ಏನು ಮಾಡಬಹುದು?

ಕೆನಡಾದ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಮತ್ತು ಮೈಕ್ ಇಟ್ಟು ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಶೇ. 88 ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು, ಶೇ. 19ರಲ್ಲಿ ಮಾತ್ರ ಯಾರಾದರೂ ಮಧ್ಯೆ ಬಂದರು. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇ. 57ರಷ್ಟು, ಹತ್ತೇ ಸೆಕೆಂಡಿನಲ್ಲಿ ಅದು ನಿಂತಿತು. ಸಾಲ್ಮಿವಾಲಿ ಅವರ ತಂಡ ಇದೇ ತತ್ವದ ಮೇಲೆ, ನೋಡುವವರಿಗೆ ತರಬೇತಿ ಕೊಡುವ ‘ಕಿವಾ’ ಕಾರ್ಯಕ್ರಮ ಕಟ್ಟಿತು. 2009ರಿಂದ ಅದು ಫಿನ್‌ಲೆಂಡ್‌ನ ಶಾಲೆಗಳಿಗೆ ಹಬ್ಬಿತು.

ನಾವು ಇಷ್ಟನ್ನಂತೂ ಮಾಡಬಹುದು:

– ದೊಡ್ಡ ಭಾಷಣ ಬೇಡ. ‘ಬಾರೇ, ಇಲ್ಲಿ ಜಾಗ ಇದೆ’ ಅನ್ನೋ ಒಂದು ಮಾತು ಒಂದು ಎಡ್ಜ್ ಉಳಿಸುತ್ತದೆ.

– ಸುದ್ದಿ ನಿಮ್ಮ ಹತ್ತಿರ ಬಂದಾಗ ಅಲ್ಲೇ ನಿಲ್ಲಿಸಿ. ‘ಇದನ್ನ ಅವಳನ್ನೇ ಕೇಳೋಣ’ ಅಂದರೆ ಚಾಡಿಯ ಅರ್ಧ ಜೀವ ಹೋಗುತ್ತದೆ.

– ತಂಗಿ ಶಾಲೆಗೆ ಹೋಗಲ್ಲ ಅಂತ ಹಠ ಹಿಡಿದರೆ, ಫೋನ್ ನೋಡಿ ಮುಖ ಸಣ್ಣ ಮಾಡಿದರೆ ‘ಹೋಗ್ಲಿ ಬಿಡು’ ಅನ್ನಬೇಡಿ. ಮೊದಲು ಪೂರ್ತಿ ಕೇಳಿ. ಬುದ್ಧಿಮಾತು ಆಮೇಲೆ.

– ಮೆಸೇಜ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳು ಸೀನಿಯರ್–ಜೂನಿಯರ್‌ಗೆ ಮಾತ್ರ ಸೀಮಿತವಲ್ಲ, ‘ಯಾವುದೇ ಇತರ ವಿದ್ಯಾರ್ಥಿ’ಗೆ ಆಗುವ ಮಾನಸಿಕ ಹಿಂಸೆಯೂ ಅವುಗಳ ವ್ಯಾಪ್ತಿಯಲ್ಲಿದೆ. ಸಹಾಯವಾಣಿ 1800-180-5522.

– ಮನಸ್ಸು ತೀರಾ ಭಾರವಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಮ್ಮ ಹಾಸ್ಟೆಲ್ ವಿಷಯ. ಮೆಸ್‌ನಲ್ಲಿ ವಾರದಿಂದ ಒಬ್ಬಳೇ ಕೂತು ಊಟ ಮಾಡುತ್ತಿರುವವರು ಯಾರಾದರೂ ಇದ್ದಾರಾ ಅಂತ ಒಮ್ಮೆ ನೋಡಿ. ಕೆಲವರಿಗೆ ಒಬ್ಬರೇ ಇರೋದೇ ಇಷ್ಟ, ಅದು ತಪ್ಪಲ್ಲ. ಆದರೆ ಕೇಳದೆ ಅದು ಗೊತ್ತಾಗಲ್ಲ. ಕೇಳೋಕೆ ಹತ್ತು ಸೆಕೆಂಡು ಸಾಕು.