ಪರಸ್ಥಳದ ಗಾಬರಿ: ಫ್ರೆಂಚರ ನಡುವೆ ಪರದೇಶಿಗಳು, ಶಿವಾಲದ ನಡುವೆ ನಾವು



ನಮ್ಮ ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತೊಂದಿದೆ. ಬೇರೆ ದೇಶದವನು ಎಂಬುದು ಅದರ ನೇರವಾದ ಅರ್ಥ. ಆದರೆ ಮನೆಯಲ್ಲಿ ಅಜ್ಜಿಯರು ‘ಪಾಪ, ಪರದೇಶಿ’ ಎಂದರೆ ದಿಕ್ಕುದೆಸೆಯಿಲ್ಲದವನು ಎಂದೇ ತಿಳಿಯಬೇಕು. ಊರು ಬಿಟ್ಟವನಿಗೂ ದಿಕ್ಕಿಲ್ಲದವನಿಗೂ ಒಂದೇ ಹೆಸರಿಟ್ಟ ನಮ್ಮ ಹಿರಿಯರು ಈ ಪಾಠದ ಅರ್ಧ ವಿಷಯವನ್ನು ಯಾವ ಕಾಲೇಜಿಗೂ ಹೋಗದೆಯೇ ತಿಳಿದಿದ್ದರು. ಉಳಿದರ್ಧವನ್ನು ನಾನು ಈ ವಾಚನಾಲಯದ ಪುಸ್ತಕಗಳಿಂದಲೂ, ಸ್ವಲ್ಪ ನಷ್ಟದಿಂದಲೂ ಕಲಿತೆನು. ಆ ನಷ್ಟದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ಎರಡು ಚಳಿಗಾಲದ ಹಿಂದೆ ಹಾವೇರಿ ಕಡೆಯ ಹುಡುಗನೊಬ್ಬನು ಇಲ್ಲಿಯ ರೇಷ್ಮೆ ನೂಲಿನ ಅಂಗಡಿಯೊಂದಕ್ಕೆ ಲೆಕ್ಕ ಬರೆಯಲು ಬಂದನು. ಬನಾರಸಿ ಸೀರೆಗೆ ನಮ್ಮ ಕರ್ನಾಟಕದ ರೇಷ್ಮೆ ಬರುವುದು ನಿಮಗೆಲ್ಲ ಗೊತ್ತೇ ಇದೆ. ನೂಲಿನ ಹಿಂದೆಯೇ ನಮ್ಮವರೂ ಅಷ್ಟಿಷ್ಟು ಬರುತ್ತಾರೆ. ಹುಡುಗ ಬುದ್ಧಿವಂತ, ಅಕ್ಷರ ಮುತ್ತಿನಂಥದು. ಬಂದ ನಲವತ್ತೊಂದನೆಯ ದಿನ ಸಂಜೆ ಟ್ರಂಕು ಹಿಡಿದುಕೊಂಡೇ ವಾಚನಾಲಯಕ್ಕೆ ಬಂದನು. ಯಜಮಾನರು ಹತ್ತು ಜನರ ಎದುರಿಗೆ ತನ್ನನ್ನು ‘ತೂ’ ಎಂದು ಕರೆದರಂತೆ. ಅವನು ಶಾಲೆಯಲ್ಲಿ ಹಿಂದಿ ಪರೀಕ್ಷೆ ಮುಗಿಸಿದವನು. ‘ಆಪ್’ ಎಂಬುದು ಗೌರವ, ‘ತುಮ್’ ಸಲಿಗೆ, ‘ತೂ’ ಎಂಬುದು ಹಗುರ ಮಾತು ಎಂದು ಓದಿಕೊಂಡಿದ್ದನು. ನಾನೂ ಅಷ್ಟನ್ನೇ ಓದಿದವನು. “ಮಾನ ಹೋದ ಮೇಲೆ ಏನಿದೆ ತಮ್ಮಾ, ಹೊರಟುಬಿಡು” ಎಂದು ನಾನೇ ಹೇಳಿದೆನು. ಕ್ಯಾಂಟ್ ಸ್ಟೇಷನ್ನಿನವರೆಗೆ ಹೋಗಿ ರೈಲು ಹತ್ತಿಸಿ ಬಂದೆನು. ಆಮೇಲೆ ತಿಳಿದ ವಿಷಯವನ್ನು ಮುಂದೆ ಹೇಳುವೆನು.

ಹೊಸ ನೆಲಕ್ಕೆ ಹೋದವರಿಗೆ ಉಂಟಾಗುವ ಈ ತಳಮಳಕ್ಕೆ ಇಂಗ್ಲಿಷಿನಲ್ಲಿ ‘ಕಲ್ಚರ್ ಶಾಕ್’ ಎನ್ನುತ್ತಾರೆ. ‘ಸಂಸ್ಕೃತಿ ಆಘಾತ’ ಎಂದು ಭಾಷಾಂತರ ಮಾಡುವುದುಂಟು. ಆ ಶಬ್ದ ನನಗೆ ಸೇರುವುದಿಲ್ಲ. ಏನೋ ವಿದ್ಯುತ್ ತಗಲಿದಂತೆ ಕೇಳಿಸುತ್ತದೆ. ಇದು ಒಂದೇ ಏಟಿನಲ್ಲಿ ಬಡಿಯುವಂಥದಲ್ಲ, ದಿನಕ್ಕಿಷ್ಟು ಸೇರುತ್ತ ಹೋಗುವಂಥದು. ಆದುದರಿಂದ ಈ ಪಾಠದಲ್ಲಿ ‘ಪರಸ್ಥಳದ ಗಾಬರಿ’ ಎಂದೇ ಕರೆಯೋಣ.

ಇದನ್ನು ಎಲ್ಲರ ಬಾಯಿಗೆ ಬರುವಂತೆ ಮಾಡಿದವರು ಕಾಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು. ಕೆನಡಾ ದೇಶಕ್ಕೆ ವಲಸೆ ಬಂದ ಫಿನ್ಲೆಂಡಿನ ಮನೆತನದವರು ಅವರು. ೧೯೫೪ರಲ್ಲಿ ಬ್ರೆಜಿಲಿನ ರಿಯೋ ಡಿ ಜನೈರೋ ನಗರದಲ್ಲಿ ಅವರು ಮಹಿಳಾ ಕ್ಲಬ್ಬೊಂದರಲ್ಲಿ ಉಪನ್ಯಾಸ ಮಾಡಿದರು; ೧೯೬೦ರಲ್ಲಿ ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಅವರು ಹೇಳಿದ್ದರ ತಾತ್ಪರ್ಯವಿಷ್ಟೆ: ಎದುರಿಗೆ ಬಂದವರಿಗೆ ಯಾವಾಗ ಕೈಮುಗಿಯಬೇಕು, ಯಾವ ಮಾತನ್ನು ನಿಜವೆಂದು ಹಿಡಿಯಬೇಕು, ಯಾವುದನ್ನು ಉಪಚಾರವೆಂದು ಬಿಡಬೇಕು ಎಂಬ ನೂರಾರು ಸಣ್ಣ ಗುರುತುಗಳನ್ನು ನಾವು ಬಾಲ್ಯದಲ್ಲಿಯೇ ಕಲಿತಿರುತ್ತೇವೆ, ಕಲಿತೆವೆಂಬುದನ್ನೂ ಮರೆತಿರುತ್ತೇವೆ. ಪರಸ್ಥಳದಲ್ಲಿ ಅವು ಒಮ್ಮೆಗೇ ಕೆಲಸಕ್ಕೆ ಬಾರದಂತಾಗುತ್ತವೆ. ಆಗ ಮನುಷ್ಯನು ವಿನಾಕಾರಣ ಕೈ ತೊಳೆಯುತ್ತಾನೆ, ಕುಡಿಯುವ ನೀರನ್ನೂ ಹಾಸಿಗೆಯನ್ನೂ ಶಂಕಿಸುತ್ತಾನೆ, ಎಲ್ಲರೂ ಮೋಸ ಮಾಡುತ್ತಾರೆಂದು ಹೆದರುತ್ತಾನೆ, ಸ್ವಲ್ಪ ತಡವಾದರೆ ಸಿಡುಕುತ್ತಾನೆ, ಊರ ಭಾಷೆಯನ್ನು ಕಲಿಯುವುದೇ ಇಲ್ಲವೆಂದು ಹಟ ಹಿಡಿಯುತ್ತಾನೆ. ಈ ಪಟ್ಟಿಯನ್ನು ಓದಿದಾಗ ನನ್ನ ಮೊದಲ ವರ್ಷದ ಡೈರಿಯನ್ನು ಯಾರೋ ಕದ್ದು ಓದಿದ್ದಾರೆಂದೇ ಅನ್ನಿಸಿತು.

ಮೊದಲು ಎಲ್ಲವೂ ಚೆಂದ ಕಾಣುವುದು, ಆಮೇಲೆ ಎಲ್ಲವೂ ಕೆಟ್ಟದ್ದೆನಿಸುವುದು, ಬಳಿಕ ಭಾಷೆ ಬಂದಂತೆ ಚೇತರಿಕೆ, ಕೊನೆಗೆ ಹೊಂದಿಕೆ ಎಂದು ಓಬರ್ಗ್ ನಾಲ್ಕು ಹಂತಗಳನ್ನು ಹೇಳಿದ್ದಾರೆ. ೧೯೫೫ರಲ್ಲಿ ಸ್ವೆರೆ ಲಿಸ್ಗೋರ್ ಎಂಬವರು ಅಮೆರಿಕಕ್ಕೆ ಹೋಗಿಬಂದ ಸುಮಾರು ಇನ್ನೂರು ಮಂದಿ ನಾರ್ವೆಯವರನ್ನು ವಿಚಾರಿಸಿದಾಗ, ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಒಂದೂವರೆ ವರ್ಷಕ್ಕಿಂತ ಹೆಚ್ಚು ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರೆಂದೂ ನಡುವಿನವರೇ ಹೆಚ್ಚು ತೊಳಲಿದರೆಂದೂ ಕಂಡುಬಂದಿತು. ಎಲ್ಲರಿಗೂ ಈ ಲೆಕ್ಕ ಹೊಂದುವುದಿಲ್ಲವೆಂದು ನಂತರದ ಶೋಧಕರು ತೋರಿಸಿದ್ದಾರೆ. ಕೆಲವರಿಗೆ ಮೊದಲ ದಿನವೇ ಕಷ್ಟದ ದಿನ.

ಈಗ ಫ್ರಾನ್ಸ್ ದೇಶಕ್ಕೆ ಬರೋಣ. ಕಾಶಿಯಲ್ಲಿ ಕುಳಿತು ಫ್ರೆಂಚರ ಪಾಠವೇಕೆ ಎಂದು ಕೇಳಬೇಡಿರಿ. ನಮ್ಮದೇ ಮುಖವನ್ನು ನೋಡಿಕೊಳ್ಳಲು ದೂರದ ಕನ್ನಡಿಯೇ ವಾಸಿ. ಹತ್ತಿರದ ಕನ್ನಡಿಗೆ ನಮ್ಮ ಉಸಿರೇ ಮಂಕು ಕವಿಸುತ್ತದೆ.

ಫ್ರೆಂಚರ ಅಂಗಡಿಗೆ ಹೊರಗಿನವನೊಬ್ಬನು ಹೋಗುತ್ತಾನೆ. ಅರ್ಧ ಕಿಲೋ ಸೇಬು ಕೊಡಿ ಎನ್ನುತ್ತಾನೆ. ಅಂಗಡಿಯಾಕೆ ಮುಖ ಗಂಟುಹಾಕುತ್ತಾಳೆ. ಫ್ರೆಂಚರು ಗರ್ವಿಷ್ಠರೆಂದು ಇವನು ಊರಿಗೆ ಕಾಗದ ಬರೆಯುತ್ತಾನೆ. ನಡೆದದ್ದು ಇಷ್ಟೆ: ಒಳಗೆ ಕಾಲಿಟ್ಟವನು ಮೊದಲು ‘ಬೋಂಜೂರ್ ಮದಾಮ್’ ಎಂದು ಹೇಳಬೇಕು, ಹೊರಡುವಾಗಲೂ ವಿದಾಯ ಹೇಳಬೇಕು. ಅಲ್ಲಿ ಅಂಗಡಿಯು ಒಂದು ರೀತಿಯಲ್ಲಿ ಅಂಗಡಿಯಾಕೆಯ ಮನೆಯಿದ್ದಂತೆ. ನಮ್ಮ ಮನೆಗೆ ಬಂದವನು ಮಾತನಾಡಿಸದೆ ನೇರವಾಗಿ ಅಡಿಗೆಮನೆಗೆ ನುಗ್ಗಿ ನೀರು ಕೇಳಿದರೆ ನಾವೇನೆನ್ನುತ್ತೇವೆ? ಆಕೆಯ ಲೆಕ್ಕದಲ್ಲಿ ಅವಮರ್ಯಾದೆ ಮಾಡಿದವನು ಗಿರಾಕಿ. ಗಿರಾಕಿಯ ಲೆಕ್ಕದಲ್ಲಿ ಆಕೆ. ಇಬ್ಬರೂ ಪ್ರಾಮಾಣಿಕರೇ.

ಊಟದ ಹೊತ್ತೂ ಹಾಗೆಯೇ. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊಟ. ಮೂರು ಗಂಟೆಗೆ ಹಸಿದುಕೊಂಡು ಹೋದರೆ ಅನೇಕ ಹೋಟೆಲುಗಳಲ್ಲಿ ಒಲೆ ಆರಿರುತ್ತದೆ. ಊಟದ ಮೇಜಿನಲ್ಲಿ ವಾದ ಎದ್ದು ದನಿ ಏರಿದರೆ ಜಗಳವಾಯಿತೆಂದು ಹೊಸಬನು ನಡುಗುತ್ತಾನೆ. ಅವರಿಗೆ ಅದು ಊಟದ ಉಪ್ಪಿನಕಾಯಿ. ಕೆಲಸ ಚೆನ್ನಾಗಿದ್ದರೆ ‘ಪಾ ಮಾಲ್’ ಎನ್ನುತ್ತಾರೆ, ಅಂದರೆ ‘ಕೆಟ್ಟದ್ದೇನಲ್ಲ’. ಬೆನ್ನು ತಟ್ಟಿಸಿಕೊಂಡು ಬೆಳೆದ ಅಮೆರಿಕದವನಿಗೆ ಇದು ಚುಚ್ಚುತ್ತದೆ. ನಮಗೆ ಚುಚ್ಚಬೇಕಾಗಿಲ್ಲ. ಎಂಥ ಒಳ್ಳೆಯ ಅಡಿಗೆಗೂ ‘ಪರವಾಗಿಲ್ಲ’ ಎಂದು ಹೇಳಿ ಎದ್ದುಹೋಗುವ ಮಾವಂದಿರು ನಮ್ಮಲ್ಲಿ ಕಡಿಮೆಯೇ?

ಮುಖ್ಯವಾದ ಎಡವುಗಲ್ಲು ‘ತ್ಯು’ ಮತ್ತು ‘ವೂ’ ಎಂಬೆರಡು ಶಬ್ದಗಳು. ನಮ್ಮ ನೀನು, ನೀವು. ಇಂಗ್ಲಿಷಿನವರಿಗೆ ಒಂದೇ ಶಬ್ದವಿರುವುದರಿಂದ ಅವರು ಇಲ್ಲಿ ಮುಗ್ಗರಿಸುತ್ತಾರೆ. ಹಿರಿಯರಾದವರು ಮೊದಲು ಸೂಚಿಸುವವರೆಗೆ ‘ತ್ಯು’ ಎನ್ನಬಾರದು. ಸೂಚಿಸಿದ ಮೇಲೂ ‘ವೂ’ ಎಂದೇ ಎನ್ನುತ್ತಿದ್ದರೆ ದೂರ ಇಟ್ಟಂತೆ. ನಮಗೆ ಇದು ಸುಲಭವೆನ್ನಿಸೀತು, ಆದರೆ ಪೂರ್ತಿ ಸುಲಭವಲ್ಲ. ನಾವು ದೇವರಿಗೆ ‘ನೀನು’ ಎನ್ನುತ್ತೇವೆ, ಹೆತ್ತ ತಾಯಿಗೂ ‘ನೀನು’ ಎನ್ನುತ್ತೇವೆ. ಫ್ರಾನ್ಸಿನ ಕ್ಯಾಥೊಲಿಕರಾದರೋ ತಮ್ಮ ಮುಖ್ಯ ಪ್ರಾರ್ಥನೆಯಲ್ಲಿ ದೇವರಿಗೆ ‘ವೂ’ ಎನ್ನುತ್ತಿದ್ದುದನ್ನು ಬಿಟ್ಟು ‘ತ್ಯು’ ಎನ್ನತೊಡಗಿದ್ದು ೧೯೬೬ರಲ್ಲಿ.

ಅಮೆರಿಕದಲ್ಲಿ ನೆಲಸಿದ ರೇಮೋಂಡ್ ಕರೋಲ್ ಎಂಬ ವಿದುಷಿ ೧೯೮೭ರಲ್ಲಿ ಫ್ರೆಂಚರು, ಅಮೆರಿಕದವರು ಎಂಬ ಈ ಎರಡು ಜನಾಂಗಗಳ ಮನೆ, ಸ್ನೇಹ, ಮಾತುಕತೆ, ಮಕ್ಕಳ ಸಾಕಣೆಗಳನ್ನು ಹೋಲಿಸಿ ಪುಸ್ತಕ ಬರೆದರು. ಅದರ ಹೆಸರಿನ ಅರ್ಥ ‘ಕಾಣದ ಸ್ಪಷ್ಟತೆಗಳು’ ಎಂದಾಗುತ್ತದೆ. ನಮಗೆ ಯಾವುದು ತೀರಾ ಸ್ಪಷ್ಟವೋ ಅದೇ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅದರ ಹುರುಳು.

ಪ್ಯಾರಿಸಿನಲ್ಲಿದ್ದ ಹಿರೋಆಕಿ ಓಟಾ ಎಂಬ ಜಪಾನಿ ಮನೋವೈದ್ಯರು ತಮ್ಮ ದೇಶದವರಲ್ಲಿ ಕೆಲವರಿಗೆ ಅಲ್ಲಿಗೆ ಬಂದ ಮೇಲೆ ಬುದ್ಧಿಯೇ ಕದಡಿದುದನ್ನು ಕಂಡು ಅದನ್ನು ‘ಪ್ಯಾರಿಸ್ ಸಿಂಡ್ರೋಮ್’ ಎಂದು ಕರೆದರು. ಅಂಥವರು ವಿರಳ. ಚಿತ್ರಪಟಗಳಲ್ಲಿ ಕಂಡ ಪ್ಯಾರಿಸೇ ಬೇರೆ, ಒರಟು ಮಾತಿನ ಜನಜಂಗುಳಿಯ ಪ್ಯಾರಿಸೇ ಬೇರೆ. ಕ್ಯಾಲೆಂಡರಿನ ವಿಶ್ವನಾಥನನ್ನು ನೋಡಿ ಬೆಳೆದು, ಇಲ್ಲಿಯ ಗಲ್ಲಿಯಲ್ಲಿ ಮೊದಲ ದಿನ ಸಗಣಿ ತುಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫ್ರೆಂಚರ ನಡುವೆ ಬಾಳಿದ ಕನ್ನಡಿಗರು ಯಾರಾದರೂ ಇದ್ದರೇ? ಇದ್ದರು. ೧೯೦೮ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್. ೧೯೨೯ರಲ್ಲಿ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಫ್ರಾನ್ಸಿನ ದಕ್ಷಿಣದ ಮೊಂಪೆಲಿಯೇ ವಿಶ್ವವಿದ್ಯಾನಿಲಯಕ್ಕೆ ಹೋದರು. ೧೯೩೧ರಲ್ಲಿ ಕಮೀಯ್ ಮೂಲಿ ಎಂಬ ಫ್ರೆಂಚ್ ಅಧ್ಯಾಪಕಿಯನ್ನು ಮದುವೆಯಾದರು. ಆ ದಿನಗಳಲ್ಲಿಯೇ ಧಾರವಾಡದ ‘ಜಯಕರ್ನಾಟಕ’ ಪತ್ರಿಕೆಗೆ ಕನ್ನಡದಲ್ಲಿ ಬರೆಯುತ್ತಿದ್ದರು. ಫ್ರಾನ್ಸಿನಲ್ಲಿ ಕುಳಿತು ಅವರು ಬರೆದದ್ದೇನು? ಕನ್ನಡನಾಡಿನ ಹಳ್ಳಿಯೊಂದರಲ್ಲಿ ಮುದುಕಿಯೊಬ್ಬಳು ಹೇಳುವ ಗಾಂಧೀಯುಗದ ಕಥೆ! ‘ಕಾಂತಾಪುರ’ವೆಂಬ ಆ ಇಂಗ್ಲಿಷ್ ಕಾದಂಬರಿ ೧೯೩೮ರಲ್ಲಿ ಹೊರಬಂದಿತು. ಊರಿನಿಂದ ದೂರವಾದವನಿಗೇ ಊರಿನ ದನಿ ಸ್ಪಷ್ಟವಾಗಿ ಕೇಳಿಸುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮದುವೆ ಉಳಿಯಲಿಲ್ಲ. ೧೯೩೯ರಲ್ಲಿ ಅವರು ಭಾರತಕ್ಕೆ ಹಿಂದಿರುಗಿದರು. ೧೯೬೦ರಲ್ಲಿ ಪ್ರಕಟವಾದ ‘ದಿ ಸರ್ಪೆಂಟ್ ಅಂಡ್ ದಿ ರೋಪ್’ ಕಾದಂಬರಿಯಲ್ಲಿ ದಕ್ಷಿಣದ ಬ್ರಾಹ್ಮಣ ರಾಮಸ್ವಾಮಿ ಹಾಗೂ ಆತನ ಫ್ರೆಂಚ್ ಪತ್ನಿ ಮ್ಯಾಡಲೀನ್ ಇವರ ಸಂಸಾರದ ಕಥೆಯಿದೆ. ತಂದೆ ತೀರಿಕೊಂಡ ಮೇಲೆ ರಾಮಸ್ವಾಮಿ ಚಿಕ್ಕಮ್ಮನೊಡನೆ ಬರುವುದು ನಮ್ಮ ಈ ಕಾಶಿಗೇ. ಕಾದಂಬರಿಯನ್ನು ಲೇಖಕರ ಜೀವನಚರಿತ್ರೆಯೆಂದು ಓದಬಾರದು. ಆದರೂ ಅದರಲ್ಲಿ ಒಂದು ನಿಜವಿದೆ. ಆ ಗಂಡಹೆಂಡಿರು ಒಬ್ಬರನ್ನೊಬ್ಬರು ದ್ವೇಷಿಸುವುದಿಲ್ಲ. ಭಾಷೆ ಬರುತ್ತದೆ, ಓದು ಇದೆ, ಪ್ರೀತಿಯೂ ಇದೆ. ಆದರೂ ಸಂಸಾರ ಮೆಲ್ಲಗೆ ಬಿಚ್ಚಿಹೋಗುತ್ತದೆ. ಭಾಷೆ ಬಂದೊಡನೆ ಗಾಬರಿ ತೀರುತ್ತದೆಂದು ಓಬರ್ಗ್ ಮಹಾಶಯರು ತುಸು ಬೇಗನೆ ನಂಬಿದರೇನೋ ಎಂದು ನನಗೆ ಅನ್ನಿಸುವುದುಂಟು.

ಇದಕ್ಕೆ ಎದುರಾದ ಉದಾಹರಣೆ ನಮ್ಮ ಶಿವಾಲದಿಂದ ನಡೆದುಹೋಗುವಷ್ಟು ದೂರದಲ್ಲಿಯೇ ಇದೆ. ಅಸಿ ಘಾಟಿನ ಬಳಿಯ ರೀವಾ ಕೋಠಿಯನ್ನು ನೀವೆಲ್ಲ ನೋಡಿದ್ದೀರಿ. ಆಲೇನ್ ದಾನಿಯೆಲೂ ಎಂಬ ಫ್ರೆಂಚ್ ವಿದ್ವಾಂಸರು ೧೯೩೦ರ ದಶಕದ ಕೊನೆಯಿಂದ ೧೯೫೦ರ ದಶಕದ ಆರಂಭದವರೆಗೆ ಆ ಮನೆಯಲ್ಲಿದ್ದರು. ಹಿಂದಿ, ಸಂಸ್ಕೃತ ಕಲಿತರು. ಶಿವೇಂದ್ರನಾಥ ಬಸು ಅವರ ಬಳಿ ವೀಣೆ ಅಭ್ಯಾಸ ಮಾಡಿದರು. ಶಿವಶರಣ್ ಎಂಬ ಹೆಸರು ಪಡೆದರು. ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಕೆಲಸವನ್ನೂ ಮಾಡಿದರು. ಅವರಿಗೆ ಹಣದ ಅನುಕೂಲವಿತ್ತು, ಗಂಗೆಯ ಮೇಲೆ ಮಹಲಿತ್ತು. ಎಂಟು ಗಂಟೆಯ ಪಾಳಿ ಮುಗಿಸಿ ಬಂದು ವೀಣೆ ಕಲಿಯಬೇಕಾಗಿರಲಿಲ್ಲ ಎಂಬುದನ್ನು ಮರೆಯತಕ್ಕದ್ದಲ್ಲ. ಆದರೂ ಅವರು ಕಲಿಯುವವರಾಗಿ ಕುಳಿತರು. ಅದು ಹಣದಿಂದ ಬರುವಂಥದಲ್ಲ.

ಇನ್ನು ನಮ್ಮ ವಿಷಯ. ಹನುಮಾನ್ ಘಾಟಿನ ಪಕ್ಕದಲ್ಲಿ ಕರ್ನಾಟಕದ ಹೆಸರಿನ ಘಾಟೇ ಇದೆ. ಜಂಗಮವಾಡಿ ಮಠದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಆದರೂ ಹೊಸಬನಿಗೆ ಈ ಓಣಿಗಳು ಫ್ರಾನ್ಸಿಗಿಂತ ಹತ್ತಿರವೇನಲ್ಲ. ಸಾಸಿವೆ ಎಣ್ಣೆಯ ವಾಸನೆ. ಬೆಳಿಗ್ಗೆಯೇ ಕಚೌಡಿ ಜಿಲೇಬಿ. ಬಾಯಿತುಂಬ ಪಾನ್ ಇಟ್ಟುಕೊಂಡು ಗಗನ ನೋಡುತ್ತ ಆಡುವ ಮಾತು. ಹರಿಶ್ಚಂದ್ರ ಘಾಟಿನ ಕಡೆಗೆ ಹಗಲಿರುಳೂ ಹೋಗುವ ‘ರಾಮ ನಾಮ ಸತ್ಯ ಹೈ’ ಎಂಬ ಕೂಗು. ಊರಿನಲ್ಲಿ ಹೆಣ ಹೋದರೆ ಬಾಗಿಲು ಹಾಕುತ್ತಿದ್ದ ನಾನು ಇಲ್ಲಿ ಮೊದಲ ವಾರ ಅನ್ನ ಬಿಟ್ಟು ಎದ್ದದ್ದುಂಟು. ಓಣಿಯ ಹುಡುಗರು ಮಾತ್ರ ಗಾಳಿಪಟ ಹಾರಿಸುತ್ತಲೇ ಇದ್ದರು.

ಇಲ್ಲಿಯವನು ತಾನೊಬ್ಬನೇ ಇದ್ದರೂ ‘ಹಮ್’ ಎನ್ನುತ್ತಾನೆ. ‘ನಾವು ಬಂದೆವು’ ಎನ್ನುವ ಈ ದರ್ಬಾರು ಯಾರದಪ್ಪಾ ಎಂದು ನಾವು ನಗುತ್ತಿದ್ದೆವು. ದರ್ಬಾರಲ್ಲ, ಈ ಸೀಮೆಯಲ್ಲಿ ‘ನಾನು’ ಎಂಬುದಕ್ಕೆ ಅದೇ ರೂಢಿಯ ಮಾತು. ಪರಿಚಯವಿಲ್ಲದವನೂ ‘ಕಾ ಗುರು’ ಎಂದು ಹೆಗಲ ಮೇಲೆ ಕೈಹಾಕುತ್ತಾನೆ. ಅದು ಗೇಲಿಯೂ ಅಲ್ಲ, ಶಿಷ್ಯತ್ವವೂ ಅಲ್ಲ.

ಈಗ ಆ ‘ತೂ’ ಶಬ್ದ. ಬನಾರಸಿನ ಮನೆಮಾತು ಶಾಲೆಯ ಹಿಂದಿಯಲ್ಲ, ಭೋಜಪುರಿಯ ಒಂದು ರೂಪ. ಅದರಲ್ಲಿ ಕೆಳಗಿನ ಮೆಟ್ಟಿಲಿನ ಶಬ್ದ ‘ತೇಂ’. ‘ತೂ’ ಎಂಬುದು ನಡುವಿನ ಮೆಟ್ಟಿಲು. ಸರಿಸಮಾನರಿಗೆ, ಮನೆಯವರಿಗೆ ಸಾಧಾರಣವಾಗಿ ಆಡುವ ಮಾತು. ಅಂದರೆ ಆ ಯಜಮಾನರು ಶಾಲೆಯ ಹಿಂದಿಯನ್ನು ಬಿಟ್ಟು ತಮ್ಮ ಮನೆಮಾತಿನಲ್ಲಿ ಆ ಹುಡುಗನನ್ನು ಕರೆದಿದ್ದರು. ನನಗೆ ಇದು ತಿಳಿದದ್ದು ಆರು ತಿಂಗಳ ಮೇಲೆ, ಅದೇ ಯಜಮಾನರು ಚಹದ ಅಂಗಡಿಯಲ್ಲಿ ತಮ್ಮ ಸ್ವಂತ ಅಣ್ಣನಿಗೆ ‘ತೂ’ ಎಂದುದನ್ನು ಕೇಳಿದಾಗ. ವಿಚಾರಿಸಿದೆನು. ಅವರೇ ಬಿಡಿಸಿ ಹೇಳಿ, “ಆ ಹುಡುಗ ಏಕೆ ಹೋದ? ಸಂಬಳ ಹೆಚ್ಚಿಸಬೇಕೆಂದಿದ್ದೆ” ಎಂದರು. ನಾನು ಚಹ ಕುಡಿದು ಎದ್ದೆನು. ಹುಡುಗನಿಗೆ ಕಾಗದ ಬರೆದೆನು, ಉತ್ತರ ಬರಲಿಲ್ಲ.

ಒಂದು ಮಾತು ಹೇಳಲೇಬೇಕು. ಕಷ್ಟದ ಹಂತದಲ್ಲಿ ಪರಸ್ಥಳದವರು ತಮ್ಮವರೊಡನೆ ಗುಂಪುಕೂಡಿ ಆ ಊರಿನವರನ್ನು ಹಳಿಯುತ್ತಾರೆಂದು ಓಬರ್ಗ್ ಬರೆದಿದ್ದಾರೆ. ಭಾನುವಾರ ನಮ್ಮ ವಾಚನಾಲಯದ ಬೆಂಚಿನ ಮೇಲೆ ನಡೆಯುವುದೂ ಅದೇ ಅಲ್ಲವೇ? ಆ ಬೆಂಚನ್ನು ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಕನ್ನಡದಲ್ಲಿ ಬೈದರೆ ಎದೆ ಹಗುರಾಗುತ್ತದೆ. ಆದರೆ ಎಲ್ಲ ಬೈಗುಳಕ್ಕೂ ತಲೆದೂಗುವವರೇ ಬೆಂಚಿನ ಮೇಲೆ ಕುಳಿತರೆ ಟ್ರಂಕು ಹಿಡಿದು ಬಂದವನಿಗೆ ತಡೆದು ಕೇಳುವವರಿರುವುದಿಲ್ಲ. ಆ ದಿನ ಬೆಂಚಿನ ಮೇಲೆ ಕುಳಿತಿದ್ದವನು ನಾನೇ. ಇಲ್ಲಿ ನಿಜವಾದ ಅವಮಾನವೂ, ಸಂಬಳದಲ್ಲಿ ಮೋಸವೂ ಇಲ್ಲವೆಂದಲ್ಲ. ಅದನ್ನು ಸಹಿಸತಕ್ಕದ್ದಲ್ಲ. ಯಾವುದು ಮೋಸ, ಯಾವುದು ವ್ಯಾಕರಣ ಎಂದು ಮೊದಲು ಗೊತ್ತಾಗಬೇಕು.

ಅಭ್ಯಾಸ: ಈ ವಾರ ನಿಮಗೆ ಕೋಪ ತಂದ ಮೂರು ಸಂಗತಿಗಳನ್ನು ಒಂದು ಹಾಳೆಯ ಎಡಭಾಗದಲ್ಲಿ ಬರೆಯಿರಿ. ಬಲಭಾಗದಲ್ಲಿ, ಅದೇ ಸಂದರ್ಭದಲ್ಲಿ ನಿಮ್ಮ ಊರಿನಲ್ಲಿ ಏನು ಮಾಡುತ್ತಿದ್ದರೆಂದು ಬರೆಯಿರಿ. ಹೆಸರು ಹಾಕಬೇಕಾಗಿಲ್ಲ. ಪತ್ರಿಕೆಗಳ ಮೇಜಿನ ಮೇಲಿರುವ ತಗಡಿನ ಡಬ್ಬಿಯಲ್ಲಿ ಹಾಕಿದರೆ, ಬರುವ ಭಾನುವಾರ ಸಂಜೆ ಐದಕ್ಕೆ ಈ ಓಣಿಯವರೇ ಆದ ಒಬ್ಬ ನಿವೃತ್ತ ಮೇಷ್ಟ್ರು ಬಂದು ಒಂದೊಂದನ್ನೇ ಓದಿ ವಿವರಿಸಲು ಒಪ್ಪಿದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ. ಆದುದರಿಂದ ಹಾಳೆಗಳನ್ನು ಶನಿವಾರದೊಳಗೆ ಕೊಟ್ಟರೆ ನಾನು ಹಿಂದಿಯಲ್ಲಿ ಬರೆದಿಡುವೆನು.