ವಯಸ್ಸು ಕೇಳಿದರೆ ಆಧಾರ್ ಫೋಟೋ ಕೊಡಬೇಕೆ?

ಪ್ರಶ್ನೆ: ಮಗಳಿಗೆ 15 ವರ್ಷ. ಮನ್ಯಾಗ ಇರೂದು ಒಂದ ಫೋನು, ಅದೂ ಅವರಪ್ಪನ ಹೆಸರಿಲೆ ಐತಿ. ಚಿತ್ರ ತಗಿಯೂದು ಕಲಿಸೋ ಆ್ಯಪ್ ಒಂದು ವಯಸ್ಸು ಕೇಳಾಕತ್ತೈತಿ. ಊರಾಗಿನವರೊಬ್ಬರು, ‘ಹೊಸಾ ಕಾಯ್ದೆ ಬಂದೈತಿ, ತಂದಿ-ಮಗಳ ಆಧಾರ್ ಫೋಟೋ ವಾಟ್ಸ್‌ಆ್ಯಪ್‌ಗೆ ಕಳಸ್ರಿ, ನಾ ಮಾಡಿಕೊಡ್ತೀನಿ’ ಅಂದಾರ. ಕಳಸಾಕ ಅಂಜಿಕಿ, ಕಳಸದಿದ್ರ ಮಗಳ ಸಿಟ್ಟು. ಏನ್ ಮಾಡ್ಲಿ?
– ಒಬ್ಬ ತಾಯಿ, ಕುಬಿಹಾಳ, ಕುಂದಗೋಳ ತಾಲ್ಲೂಕು

ಉತ್ತರ: ತಾಯೀ, ಕಳಿಸಬೇಡಿ. ನಿಮ್ಮ ಅಂಜಿಕೆ ಸರಿಯಾಗಿಯೇ ಇದೆ.

ಕಾಯ್ದೆ ಬಂದಿರುವುದು ನಿಜ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ಕಂಪನಿಗಳು ತಂದೆ ಅಥವಾ ತಾಯಿಯ ಒಪ್ಪಿಗೆ ಪಡೆಯಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಈ ಕಟ್ಟುಪಾಡು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಆಧಾರ್ ಫೋಟೋವನ್ನೇ ಕೊಡಬೇಕೆಂದು ಆ ನಿಯಮಗಳಲ್ಲಿ ಎಲ್ಲಿಯೂ ಇಲ್ಲ. ಸರ್ಕಾರದ ಡಿಜಿಲಾಕರ್‌ನಂಥ ಕಡೆಯಿಂದ ‘ಇವರು ವಯಸ್ಕರು’ ಎಂಬ ಖಾತ್ರಿ ಹೋದರೂ ಸಾಕು. ನಡುವೆ ಇನ್ನೊಬ್ಬರ ವಾಟ್ಸ್‌ಆ್ಯಪ್‌ಗೆ ಜಾಗವೇ ಇಲ್ಲ.

ಫೋಟೋ ಕೈಬಿಟ್ಟು ಹೋದ ಮೇಲೆ ಅದು ಯಾರ ಯಾರ ಕೈ ಸೇರುತ್ತದೋ ಹೇಳಲಾಗದು. ಡಿಸ್ಕಾರ್ಡ್ ಎಂಬ ದೊಡ್ಡ ಕಂಪನಿಗೇ ಇದು ಆಯಿತು. ವಯಸ್ಸು ತೋರಿಸಲೆಂದು ಜನ ಕೊಟ್ಟಿದ್ದ ಗುರುತಿನ ಚೀಟಿಗಳಲ್ಲಿ ಸುಮಾರು 70,000 ಮಂದಿಯ ಫೋಟೋಗಳು ತನಗೆ ಕೆಲಸ ಮಾಡುವ ಹೊರಗಿನ ಸಂಸ್ಥೆಯ ಮೂಲಕ ಸೋರಿರಬಹುದೆಂದು ಅದು 2025ರ ಅಕ್ಟೋಬರ್‌ನಲ್ಲಿ ಹೇಳಿತು. ಮಕ್ಕಳನ್ನು ಕಾಯಲೆಂದು ಹೊರಟ ಕಾನೂನು ಮನೆಮಂದಿಯ ಕಾಗದಪತ್ರವನ್ನೆಲ್ಲ ಗುಡ್ಡೆ ಹಾಕಿಸಿದರೆ ಆ ಗುಡ್ಡೆಯೇ ಕಳ್ಳರಿಗೆ ಆಸೆ ಹುಟ್ಟಿಸುತ್ತದೆ. ನನ್ನ ಚಿಂತೆ ಇದೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತಲ್ಲ, ಅದು ಆಧಾರ್ ವಿರುದ್ಧ ಕೋರ್ಟಿಗೆ ಹೋಗಿದ್ದ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಆ ಹಕ್ಕು ನಿಮ್ಮ ಮಗಳಿಗೂ ಇದೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಆ ಒಂದೇ ಫೋನು. ಅಪ್ಪನ ಖಾತೆಯಲ್ಲಿ ಮಗಳು ಕೂತರೆ ಆ್ಯಪ್ ಅವಳನ್ನು ದೊಡ್ಡವರೆಂದೇ ತಿಳಿಯುತ್ತದೆ. ಮಕ್ಕಳಿಗೆಂದು ಇರುವ ರಕ್ಷಣೆ ಅವಳಿಗೆ ಸಿಗುವುದಿಲ್ಲ. ಅವಳ ನಿಜವಾದ ಹುಟ್ಟಿದ ದಿನಾಂಕ ಹಾಕಿ ಬೇರೆ ಗೂಗಲ್ ಖಾತೆ ತೆರೆಯಿರಿ. ಫೋನ್ ಒಂದಿದ್ದರೂ ಖಾತೆ ಎರಡಿರಬಹುದು. ಆ್ಯಪ್ ಬರೀ ವಯಸ್ಸು ಕೇಳಿದರೆ ಅವಳ ಎದುರಿಗೇ ಕೂತು ಖರೆ ವಯಸ್ಸು ಹಾಕಿ. ಆಧಾರ್ ಫೋಟೋನೇ ಬೇಕೆಂದು ಹಟ ಹಿಡಿದರೆ ಆ ಆ್ಯಪ್ ಬಿಡಿ. ಚಿತ್ರಕಲೆ ಕಲಿಸುವ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಯಾಕೆ ಬಿಡುತ್ತಿದ್ದೀರೆಂದು ಅವಳಿಗೆ ಬಿಡಿಸಿ ಹೇಳಿ, 15ರ ಹುಡುಗಿಗೆ ಇದು ತಿಳಿಯುತ್ತದೆ.

ಯಜಮಾನರು ಈಗಾಗಲೇ ಫೋಟೋ ಕಳಿಸಿದ್ದರೆ ಅಳಿಸಲು ಹೇಳಿ, ಇಬ್ಬರ ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿಸಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.